ಶುಗರ್ ಇಳಿಸಿದ್ದು ನವಣೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ಅನ್ನ ಬಿಟ್ಟು ನವಣೆ ತಿಂದೆ, ಮರುದಿನವೇ ಶುಗರ್ ಇಳಿಯಿತು, ಮಾತ್ರೆ ಬಿಟ್ಟೆ." ಇಂಥ ಸಂದೇಶ ಕಂಡಾಗ ನಾವು ಮೊದಲು ಕೇಳುವುದು: ಇಳಿಸಿದ್ದು ನವಣೆಯೇ ಎಂದು ಹೇಗೆ ಗೊತ್ತು? ನಡಿಗೆ, ನಿದ್ದೆ, ಹಿಂದಿನ ಊಟವೂ ಕಾರಣವಿರಬಹುದು.

ಅದಕ್ಕೇ ಸಂಶೋಧಕರು ಪ್ರತಿಯೊಬ್ಬರಿಗೂ ಎಲ್ಲ ಊಟಗಳನ್ನೂ ಸರದಿ ಬದಲಿಸಿ ಕೊಡುತ್ತಾರೆ. ಇದು ಕ್ರಾಸ್-ಓವರ್ ಪ್ರಯೋಗ. ಮೂವರನ್ನು ಊಹಿಸಿಕೊಳ್ಳಿ:

ಬಳ್ಳಾರಿಯವರು: ಅನ್ನ, ರೊಟ್ಟಿ, ನವಣೆ
ಸಿರುಗುಪ್ಪದವರು: ರೊಟ್ಟಿ, ನವಣೆ, ಅನ್ನ
ಕುರುಗೋಡಿನವರು: ನವಣೆ, ಅನ್ನ, ರೊಟ್ಟಿ

ಸುಡೊಕು ಹಾಗೆ, ಅಡ್ಡಸಾಲು, ಕಂಬಸಾಲು ಎರಡರಲ್ಲೂ ಪ್ರತಿ ಊಟ ಒಂದೇ ಸಲ. ಇದೇ ಲ್ಯಾಟಿನ್ ಚೌಕ.

ಆದರೆ ಇಲ್ಲಿ ಅನ್ನದ ನಂತರ ಬರುವುದು ಯಾವಾಗಲೂ ರೊಟ್ಟಿಯೇ. ಅನ್ನದ ಪ್ರಭಾವ ಉಳಿದಿದ್ದರೆ ರೊಟ್ಟಿಯ ಲೆಕ್ಕ ತಪ್ಪುತ್ತದೆ. ಹಾಗಾಗಿ ಮೂರೂ ಸರದಿಗಳನ್ನು ತಿರುಗಿಸಿ ಸೇರಿಸಿ, ಒಟ್ಟು 6 ಮಾಡುತ್ತಾರೆ. 'ಆರ್' ಎಂಬ ಉಚಿತ ಸಾಫ್ಟ್‌ವೇರ್ ಕ್ಷಣದಲ್ಲಿ ಪಟ್ಟಿ ಮಾಡಿ, ಯಾರಿಗೆ ಯಾವ ಸರದಿ ಎಂದು ಚೀಟಿ ಎತ್ತಿದಂತೆ ಹಂಚುತ್ತದೆ. ಊಟಗಳ ನಡುವೆ ಎಷ್ಟು ದಿನ ಬಿಡುವು ಎಂಬುದನ್ನು ಮಾತ್ರ ಸಂಶೋಧಕರೇ ನಿರ್ಧರಿಸಬೇಕು.

ಇಂಥ ಸಮತೋಲನದ ಪಟ್ಟಿಗಳ ಗಣಿತ ಬೆಳೆಸಿದವರಲ್ಲಿ ಸಿ.ಆರ್. ರಾವ್ ಒಬ್ಬರು. ಅವರು ಹುಟ್ಟಿದ್ದು 1920ರಲ್ಲಿ, ಅಂದಿನ ಬಳ್ಳಾರಿ ಜಿಲ್ಲೆಯ ಹೂವಿನಹಡಗಲಿಯಲ್ಲಿ.

ನೆನಪಿಡಿ: ಒಬ್ಬರ ಒಂದು ದಿನದ ಅಳತೆ ಪುರಾವೆಯಲ್ಲ. ನವಣೆ ತಿನ್ನಿ, ಆದರೆ ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ.