48 ಗಂಟೆಯ ಲೆಕ್ಕ

ನಮ್ಮ ಮುದನಾಳದಲ್ಲಿ ಜ್ವರಕ್ಕೊಂದು ಪದ್ಧತಿ ಇದೆ. ಮೊದಲ ದಿನ ಕಷಾಯ, ಎರಡನೇ ದಿನ ಮೆಡಿಕಲ್ ಶಾಪಿನ ಗುಳಿಗೆ, ಮೂರನೇ ದಿನ ಸೂಜಿ. ಅದಕ್ಕೂ ಇಳಿಯದಿದ್ದರೆ ಯಾದಗಿರಿ. ಕಳೆದ ಮಳೆಗಾಲದಲ್ಲಿ ಮುತ್ಯಾನಿಗೆ ಜ್ವರ, ಕೆಮ್ಮು ಬಂದಾಗ ಆತನೂ ಇದನ್ನೇ ಹಿಡಿದು ಕುಳಿತ. ‘ಬರೇ ನೆಗಡಿ ಜ್ವರ ಅದ ತಮ್ಮಾ, ಇದಕ್ಕೆಲ್ಲ ದವಾಖಾನಿ ಯಾಕ?’

ನನಗೆ ಚಿಂತೆ ಹತ್ತಿದ್ದು ಜ್ವರಕ್ಕಲ್ಲ. ಮುತ್ಯಾನಿಗೆ 72 ವರ್ಷ, ಸಕ್ಕರೆ ಕಾಯಿಲೆ, ಬೀಡಿ ಸೇದಿ ಬಂದ ದಮ್ಮು. ಎರಡನೇ ದಿನ ಮಧ್ಯಾಹ್ನ ಮಾತಾಡುತ್ತಲೇ ಉಸಿರು ಎಳೆಯತೊಡಗಿದ. ಅವ್ವ ಕೇಳದೆ ಆಟೊ ಕರೆಸಿದಳು. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎಂದು ಬಂತು. ಐದು ದಿನ ಆಕ್ಸಿಜನ್ ಹಚ್ಚಿದ್ದರು.

ಈ ಜ್ವರ ಬಂದ ಬಹಳಷ್ಟು ಮಂದಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ವಾರ್ಡಿನಲ್ಲಿ ಮಲಗುವವರಲ್ಲಿ ಹೆಚ್ಚಿನವರು 65 ದಾಟಿದವರು, ಐದರೊಳಗಿನ ಮಕ್ಕಳು, ಗರ್ಭಿಣಿಯರು, ಸಕ್ಕರೆ, ಹೃದಯ, ಕಿಡ್ನಿ, ಶ್ವಾಸಕೋಶದ ಕಾಯಿಲೆ ಇದ್ದವರು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಸೋಂಕಿನಿಂದ ತೀರಿಕೊಂಡರೆಂದು ವರದಿಯಾದ ಹಾಸನ ಜಿಲ್ಲೆಯ 82 ವರ್ಷದ ಹಿರಿಯರಿಗೂ ಮಧುಮೇಹ, ರಕ್ತದೊತ್ತಡ ಇತ್ತು. ಹಾಗಂತ ಹುಡುಗರು ಎದೆ ಉಬ್ಬಿಸುವಂತಿಲ್ಲ. 2009ರ ಎಚ್1ಎನ್1 ಹಾವಳಿಯಲ್ಲಿ ಹರೆಯದವರೂ ಬಹಳ ನರಳಿದರು, ಅತಿ ಬೊಜ್ಜು ಕೂಡ ಅಪಾಯವೆಂದು ಆಗಲೇ ಎದ್ದು ಕಂಡಿತು.

ವೈರಸ್ ಉಸಿರುನಾಳದ ಒಳಪೊರೆಯನ್ನು ಹಾಳುಮಾಡುತ್ತದೆ. ಆ ದಾರಿಯಲ್ಲಿ ಬ್ಯಾಕ್ಟೀರಿಯಾ ನುಗ್ಗಿದರೆ ನ್ಯುಮೋನಿಯಾ. ಮೊದಲೇ ಸೋತ ಶ್ವಾಸಕೋಶ, ಹತೋಟಿ ತಪ್ಪಿದ ಸಕ್ಕರೆ ಇದ್ದರೆ ದೇಹ ಎಷ್ಟು ತಡೆದೀತು? ಒಸೆಲ್ಟಾಮಿವಿರ್ ಎಂಬ ಔಷಧ ರೋಗಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಆಸ್ಪತ್ರೆ ಸೇರಿದವರಿಗೆ ತಡವಾದರೂ ಕೊಡುತ್ತಾರೆ. ನಮ್ಮೂರ ‘ಮೂರನೇ ದಿನದ ಸೂಜಿ’ ಆ 48 ಗಂಟೆಯನ್ನೇ ನುಂಗಿಬಿಡುತ್ತದೆ. ವಯಸ್ಸಾದವರು, ಕಾಯಿಲೆಯವರು ಇರುವ ಮನೆಯಲ್ಲಾದರೂ ಈ ಪದ್ಧತಿ ಸಾಕು ಎನ್ನುತ್ತೇನೆ ನಾನು.

ಈಗ ಅಕ್ಕನ ಸರದಿ. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋದವಳು ಆರು ತಿಂಗಳ ಗರ್ಭಿಣಿ, ಬರುವ ವಾರ ಊರಿಗೆ ಬರುತ್ತಾಳೆ. ಬಸುರಿನಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡರೆ ಹುಟ್ಟುವ ಕೂಸಿಗೂ ಮೊದಲ ಕೆಲವು ತಿಂಗಳು ರಕ್ಷಣೆ. ಪ್ರತಿ ವರ್ಷ ಹಾಕಿಸಬೇಕಾದ ಈ ಲಸಿಕೆಗೆ ಹೊರಗೆ ದುಡ್ಡು ಕೊಡಬೇಕು, ಅದು ಒಂದು ದಿನದ ಕೂಲಿಯಲ್ಲಿ ಬರುವಂಥದ್ದಲ್ಲ. ಅವ್ವ ಹತ್ತಿ ಬಿಡಿಸಿದ ದುಡ್ಡು ಎತ್ತಿಟ್ಟಿದ್ದಾಳೆ. ಅಕ್ಕನ ತಾಯಿ ಕಾರ್ಡ್ ಹಿಡಿದು ಡಾಕ್ಟರನ್ನು ಕೇಳುವ ಕೆಲಸ ನನಗೆ ಬಿದ್ದಿದೆ.