ಶುಲ್ಕ ಹೋಯಿತು, ಪಿಟೀಲು ಬಂತು

ಮಗಳಿಗೆ ನಾಲ್ಕು ಹಾಡು ಬರಲಿ, ಮಗನ ಕೈಗೆ ಒಂದು ವಾದ್ಯ ಒಗ್ಗಲಿ ಅನ್ನುವ ಆಸೆ ಯಾವ ತಾಯಿಗಿಲ್ಲ ಹೇಳಿ? ಆದರೆ ತಿಂಗಳ ಖರ್ಚು ಬಿಗಿಯಾದಾಗ ಮೊದಲು ನಿಲ್ಲುವುದೂ ಆ ಪಾಠವೇ. ಹಾಲು ನಿಲ್ಲಿಸೋಕಾಗಲ್ಲ, ಲೆಕ್ಕದ ಟ್ಯೂಷನ್ ಬಿಡಿಸೋಕಾಗಲ್ಲ. “ಸಂಗೀತ ಮುಂದೆ ನೋಡೋಣ” ಅಂದುಬಿಡುತ್ತೇವೆ. ಇದು ನಮ್ಮ ಊರಿನ ಮಾತಷ್ಟೇ ಅಲ್ಲ. ಬ್ರಿಟನ್ನಿನ ಉತ್ತರಕ್ಕಿರುವ ಸ್ಕಾಟ್ಲೆಂಡಿನ ತಾಯಂದಿರೂ ಇದೇ ಲೆಕ್ಕ ಹಾಕಿದವರೇ!

ಅಲ್ಲಿ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವುದು 32 ಸ್ಥಳೀಯ ಆಡಳಿತ ಮಂಡಲಿಗಳು. ಸಂಗೀತದ ಮೇಷ್ಟರು, ಟೀಚರುಗಳು ಶಾಲೆಯಿಂದ ಶಾಲೆಗೆ ಹೋಗಿ, ಸಾಮಾನ್ಯವಾಗಿ ವಾರಕ್ಕೊಮ್ಮೆ, ಕೆಲವೇ ಮಕ್ಕಳನ್ನು ಕೂರಿಸಿಕೊಂಡು ಪಿಟೀಲು, ಕೊಳಲು, ತುತ್ತೂರಿ, ಗಿಟಾರ್ ಹೇಳಿಕೊಡುತ್ತಾರೆ. ಅವರ ನಾಡಿನ ಬ್ಯಾಗ್‌ಪೈಪೂ ಉಂಟು. ವಾದ್ಯವನ್ನು ಬಹುಮಟ್ಟಿಗೆ ಶಾಲೆಯೇ ಎರವಲು ಕೊಡುತ್ತದೆ.

ಮಂಡಲಿಗಳ ಕೈ ಬಿಗಿಯಾದಾಗ ಹಲವು ಕಡೆ ಶುಲ್ಕ ಶುರುವಾಯಿತು. ಒಂದೊಂದು ಕಡೆ ಒಂದೊಂದು ದರ. ಎಡಿನ್‌ಬರೋ ನಗರದಲ್ಲಿ ಪುಕ್ಕಟೆ. ಕ್ಲಾಕ್‌ಮನನ್‌ಷೈರ್‌ನಲ್ಲಿ 2018ರಲ್ಲಿ ವರ್ಷಕ್ಕೆ 524 ಪೌಂಡ್, ಅಂದರೆ ಆಗಿನ ದರದಲ್ಲಿ ಸುಮಾರು 47 ಸಾವಿರ ರೂಪಾಯಿ! ಅದೇ ವರ್ಷ ಎಡಿನ್‌ಬರೋ ಪಕ್ಕದ ವೆಸ್ಟ್ ಲೋದಿಯನ್, ಅದುವರೆಗೆ ಪುಕ್ಕಟೆ ಇದ್ದ ಪಾಠಕ್ಕೆ 354 ಪೌಂಡ್ ಹಾಕಿತು. ಕಲಿಯುವ ಮಕ್ಕಳ ಸಂಖ್ಯೆ ಒಮ್ಮೆಲೇ ಕುಸಿಯಿತು.

ತೀರಾ ಬಡವರ ಮಕ್ಕಳಿಗೆ ಬಹಳ ಕಡೆ ವಿನಾಯಿತಿ ಇತ್ತು. ಉಳ್ಳವರಿಗೆ ಚಿಂತೆಯಿಲ್ಲ. ಸಿಕ್ಕಿಕೊಂಡವರು ನಡುವಿನವರು. ವಿನಾಯಿತಿಗೆ ಸಂಬಳ ಸ್ವಲ್ಪ ಹೆಚ್ಚು, ಶುಲ್ಕಕ್ಕೆ ಕಡಿಮೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರಂತೂ ಮುಗಿಯಿತು. ಸಂಗೀತ ಪರೀಕ್ಷೆಗೆ ಕೂರುವ ದೊಡ್ಡ ಮಕ್ಕಳಿಗೆ ಸಾಮಾನ್ಯವಾಗಿ ಶುಲ್ಕವಿರಲಿಲ್ಲ, ನಿಜ. ಆದರೆ ಒಂಬತ್ತನೇ ವಯಸ್ಸಿಗೇ ಪಿಟೀಲು ಕೆಳಗಿಟ್ಟ ಮಗು ಹದಿನೈದಕ್ಕೆ ಪರೀಕ್ಷೆಗೆ ಕೂರುವುದಾದರೂ ಹೇಗೆ?

2019ರಲ್ಲಿ ಅಲ್ಲಿನ ಪಾರ್ಲಿಮೆಂಟಿನ ಶಿಕ್ಷಣ ಸಮಿತಿ ವಿಚಾರಣೆ ನಡೆಸಿ, ವಾದ್ಯಪಾಠ ತಾತ್ವಿಕವಾಗಿ ಪುಕ್ಕಟೆ ಇರಬೇಕು ಅಂತ ವರದಿ ಕೊಟ್ಟಿತು. 2021ರ ಶಾಲಾ ವರ್ಷದಿಂದ ಶುಲ್ಕ ಎಲ್ಲೆಡೆ ರದ್ದಾಯಿತು; ಆ ಹಣವನ್ನು ಸರ್ಕಾರವೇ ಮಂಡಲಿಗಳಿಗೆ ತುಂಬಿಕೊಟ್ಟಿತು. ಕೋವಿಡ್ ಕಾಲದಲ್ಲಿ ಶಾಲೆಗಳಲ್ಲಿ ಊದುವ ವಾದ್ಯಗಳಿಗೆ ತಡೆ ಬಿದ್ದು ಮಕ್ಕಳ ಸಂಖ್ಯೆ ಇನ್ನೂ ಇಳಿದಿತ್ತು. ಆಮೇಲೆ ಅದು ಮತ್ತೆ ಏರಿತು. ಕಲಿಯುವವರಲ್ಲಿ ಹುಡುಗಿಯರೇ ಹೆಚ್ಚು ಅನ್ನುವುದು ನಮಗೆ ಖುಷಿಯ ಸಂಗತಿ ಅಲ್ಲವೇ?

ಹಾಗಂತ ಕೇಳಿದವರಿಗೆಲ್ಲ ಜಾಗ ಸಿಗುತ್ತದೆ ಅಂದುಕೊಳ್ಳಬೇಡಿ. ಕಲಿಸುವವರು ಇಷ್ಟೇ ಮಂದಿ, ಕಾಯುವ ಮಕ್ಕಳು ಬಹಳ. ಆದರೂ ಒಂದು ಮಾತು ಸ್ಪಷ್ಟವಾಯಿತು: ಬಿಟ್ಟ ಮಕ್ಕಳಿಗೆಲ್ಲ ಆಸಕ್ತಿ ಇರಲಿಲ್ಲ ಅಂತಲ್ಲ. ಎಷ್ಟೋ ಮಕ್ಕಳಿಗೆ ಅಡ್ಡ ಬಂದದ್ದು ಮನೆಯ ಪರ್ಸು.

ನಿಮ್ಮ ಮಗುವಿನ ಶಾಲೆಯಲ್ಲಿ ಸಂಗೀತದ ಪಿರಿಯಡ್ಡು ನಿಜವಾಗಿ ನಡೆಯುತ್ತಿದೆಯೇ ಅಂತ ಮುಂದಿನ ಪೋಷಕರ ಸಭೆಯಲ್ಲಿ ಒಮ್ಮೆ ಕೇಳಿ ನೋಡಿ, ಸಂಕೋಚ ಬೇಡ. ಮಗು ಕಲಿಯತೊಡಗಿದರೆ ಸಂಜೆ ಕಾಲು ಗಂಟೆ ಟೀವಿ ಆರಿಸಿ, ಅಭ್ಯಾಸಕ್ಕೆ ಬಿಡಿ. ಮೊದಮೊದಲು ಅಪಸ್ವರವೇ ಕೇಳಿಸೀತು, ಬೈಯಬೇಡಿ. ಶುಲ್ಕ ತೆಗೆಯುವುದು ಸರ್ಕಾರದ ಕೈಯಲ್ಲಿದೆ, ಆ ಕಾಲು ಗಂಟೆ ಮಾತ್ರ ನಮ್ಮ ಕೈಯಲ್ಲೇ ಇದೆ.