ಅಮೂರ್ತ ಚಿತ್ರಕಾರನ ಕಾಗದಪತ್ರಗಳು

ಕೋಗಳಿಯ ಪ್ರಾಚೀನ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂಬ ಸಂಗತಿ ನಮಗೆ ತಿಳಿದಿರುವುದು ಆತನ ಕಾಲದ ಬರಹದಿಂದಲ್ಲ. ಚಾಲುಕ್ಯ ತ್ರೈಲೋಕ್ಯಮಲ್ಲನ ಆಳಿಕೆಯಲ್ಲಿ, ಕ್ರಿ. ಶ. 1055ರಲ್ಲಿ, ಇಂದ್ರಕೀರ್ತಿಯೆಂಬ ಜೈನ ಮುನಿಯ ದತ್ತಿಯನ್ನು ದಾಖಲಿಸಿದ ಶಾಸನವು ಪ್ರಾಸಂಗಿಕವಾಗಿ ಆ ಮಾತನ್ನೆತ್ತುತ್ತದೆ. ಕಟ್ಟಿದವನಿಗೂ ಬರೆಸಿದವನಿಗೂ ನಡುವೆ ಸುಮಾರು ಐದು ಶತಮಾನಗಳ ಅಂತರ. ಕಟ್ಟಡವು ತಾನಾಗಿ ತನ್ನ ಕರ್ತೃವಿನ ಹೆಸರನ್ನು ಹೇಳುವುದಿಲ್ಲ. ಅದರ ಪಕ್ಕದಲ್ಲಿ ನಿಂತ ಬರಹವು ಹೇಳಬೇಕು. ಶಾಸನಗಳನ್ನೋದುವ ನಮ್ಮ ವಿದ್ಯಾರ್ಥಿಗಳಿಗೆ ಈ ತತ್ತ್ವವು ಹೊಸದಲ್ಲ. ಅದೇ ತತ್ತ್ವವು ನಮಗೆ ತೀರ ಹತ್ತಿರದ ಕಾಲದ ಒಂದು ಕಲೆಗೆ ಎಷ್ಟು ತೀವ್ರವಾಗಿ ಅನ್ವಯಿಸುತ್ತದೆಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಕೆ. ವೆಂಕಟಪ್ಪನವರು ಬರೆದ ಉದಕಮಂಡಲದ ದೃಶ್ಯವೊಂದನ್ನು ನೋಡಿದವರಿಗೆ ಅದು ಯಾವ ಊರು, ದಿನದ ಯಾವ ಹೊತ್ತು ಎಂಬುದಷ್ಟಾದರೂ ಚಿತ್ರದಿಂದಲೇ ಗೋಚರಿಸುತ್ತದೆ. ಹಾಗಿದ್ದೂ ಅವರು ಬರೆದಿಟ್ಟ ದಿನಚರಿಗಳು ದೊರೆತಮೇಲೆಯೇ ಆ ಕಲಾವಿದರ ದುಡಿಮೆಯ ಕ್ರಮವು ಇತಿಹಾಸಕಾರರಿಗೆ ಸ್ಪಷ್ಟವಾಯಿತು. ಅಮೂರ್ತ ಚಿತ್ರದಲ್ಲಿ ಇಂಥ ಆಸರೆ ಯಾವುದೂ ಇಲ್ಲ. ಅದು ಊರನ್ನಾಗಲಿ ವ್ಯಕ್ತಿಯನ್ನಾಗಲಿ ಕಥೆಯನ್ನಾಗಲಿ ಚಿತ್ರಿಸುವುದಿಲ್ಲ; ರೇಖೆ, ವರ್ಣ, ಅವಕಾಶ ಇವುಗಳ ಸಂಬಂಧವೇ ಅದರ ವಿಷಯ. ಅನೇಕವೇಳೆ ಹೆಸರಿಲ್ಲ, ತಾರೀಖಿಲ್ಲ, ಸಹಿಯೂ ಇರುವುದಿಲ್ಲ. ಮೇಲೆ ಯಾವುದು ಕೆಳಗೆ ಯಾವುದು ಎಂಬುದಕ್ಕೂ ಹೊರಗಿನ ಸಾಕ್ಷ್ಯ ಬೇಕಾಗುತ್ತದೆ.

ಕೊನೆಯ ಮಾತು ಅತಿಶಯೋಕ್ತಿಯಂತೆ ತೋರೀತು. ಆದರೆ ಡಚ್ ಚಿತ್ರಕಾರ ಪಿಯೆಟ್ ಮೊಂಡ್ರಿಯಾನನ ‘ನ್ಯೂಯಾರ್ಕ್ ನಗರ 1’ ಎಂಬ ಕೃತಿಯ ವೃತ್ತಾಂತವನ್ನು ಗಮನಿಸಿ. ಬಣ್ಣದ ಅಂಟುಪಟ್ಟಿಗಳನ್ನು ಹಾಸಿಗೆ ಅಡ್ಡಡ್ಡ ಉದ್ದುದ್ದ ಅಂಟಿಸಿ 1941ರಲ್ಲಿ ರಚಿಸಿದ ಕೃತಿ ಅದು. ಪೂರ್ಣವಾಗಲಿಲ್ಲ, ಸಹಿಯೂ ಬೀಳಲಿಲ್ಲ. 1944ರಲ್ಲಿ ಕಲಾವಿದನು ತೀರಿಕೊಂಡನು. ಮರುವರ್ಷ ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನ. 1980ರಿಂದ ಜರ್ಮನಿಯ ಡ್ಯುಸೆಲ್ಡಾರ್ಫಿನ ಸಂಗ್ರಹಾಲಯದಲ್ಲಿ ವಾಸ. ಅಲ್ಲಿಯವರೆಗೂ ಅಲ್ಲಿಂದ ಮುಂದೆಯೂ ಪಟ್ಟಿಗಳು ಒತ್ತಾಗಿರುವ ಅಂಚನ್ನು ಕೆಳಗೆ ಮಾಡಿಯೇ ತೂಗುಹಾಕುತ್ತಿದ್ದರು. 2022ರಲ್ಲಿ ಆ ಸಂಗ್ರಹಾಲಯದ ವಿದುಷಿಯೊಬ್ಬರು, ಚಿತ್ರವು ತಲೆಕೆಳಗಾಗಿದೆಯೆಂದು ಪ್ರಕಟಿಸಿದರು. ಅವರಿಗೆ ದೊರೆತ ಆಧಾರಗಳಲ್ಲಿ ಮುಖ್ಯವಾದುದು, ಕಲಾವಿದನ ನಿಧನಾನಂತರ ಆತನ ಚಿತ್ರಶಾಲೆಯಲ್ಲಿ ತೆಗೆದು 1944ರ ಒಂದು ಪತ್ರಿಕೆಯಲ್ಲಿ ಅಚ್ಚಾದ ಛಾಯಾಚಿತ್ರ. ಅದರಲ್ಲಿ ಪಟ್ಟಿಗಳು ಒತ್ತಾದ ಅಂಚು ಮೇಲುಗಡೆ ಇತ್ತು. ಮುಕ್ಕಾಲು ಶತಮಾನ ಪಂಡಿತರ ಕಣ್ಣುಗಳು ಕಾಣದಿದ್ದುದನ್ನು ಒಂದು ಹಳೆಯ ಪಟ ಕಾಣಿಸಿತು. ಆದರೂ ಚಿತ್ರವನ್ನು ತಿರುಗಿಸಲಿಲ್ಲ. ಅಂಟು ಒಣಗಿ ಪಟ್ಟಿಗಳು ನೂಲಿನಂತೆ ತೂಗುತ್ತಿದ್ದುದರಿಂದ, ತಿರುಗಿಸಿದರೆ ಕೃತಿಯೇ ಕಳಚಿಬೀಳುವ ಅಪಾಯವಿತ್ತು. ಸಾಕ್ಷ್ಯವು ಸಿಕ್ಕಿತು, ಆದರೆ ತಡವಾಗಿ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಅತ್ಯಂತ ಸಮೀಪದ ನಿದರ್ಶನವೆಂದರೆ ನಸ್ರೀನ್ ಮೊಹಮೆದಿಯವರದು (1937–1990). ಕರಾಚಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬೆಳೆದು, ಲಂಡನ್ನಿನಲ್ಲಿ ವ್ಯಾಸಂಗಮಾಡಿ, 1972ರಿಂದ ಬರೋಡದ ಲಲಿತಕಲಾ ವಿಭಾಗದಲ್ಲಿ ಅಧ್ಯಾಪಕಿಯಾಗಿದ್ದವರು. ಶಾಯಿ ಮತ್ತು ಪೆನ್ಸಿಲಿನಿಂದ ಕಾಗದದ ಮೇಲೆ ಎಳೆದ ಸೂಕ್ಷ್ಮ ರೇಖೆಗಳೇ ಅವರ ಕೃತಿಗಳು. ಬಹುಪಾಲಿಗೆ ಅವರು ಹೆಸರನ್ನೂ ಇಡಲಿಲ್ಲ, ಕಾಲವನ್ನೂ ನಮೂದಿಸಲಿಲ್ಲ. ಆದುದರಿಂದ ಯಾವ ಶೈಲಿ ಮೊದಲು, ಯಾವುದು ಅನಂತರ ಎಂಬುದನ್ನು ಊಹಿಸುವವರಿಗೆ ಅವರ ದಿನಚರಿಗಳು ಅಮೂಲ್ಯವಾಗಿವೆ. ಅವರು ತೆಗೆದ ಛಾಯಾಚಿತ್ರಗಳಂತೂ ಅವರ ಜೀವಿತಕಾಲದಲ್ಲಿ ಪ್ರದರ್ಶನಗೊಂಡಿರಲೇ ಇಲ್ಲ. ಅವು ಉಳಿದುದರಿಂದ, ನೆಲಗಟ್ಟು, ರಸ್ತೆ, ಮರಳುಗಾಡುಗಳಲ್ಲಿ ಆ ಕಣ್ಣು ಯಾವ ರೇಖೆಗಳನ್ನು ಆಯ್ದುಕೊಳ್ಳುತ್ತಿತ್ತೆಂಬುದನ್ನು ಇಂದು ನಾವು ನೋಡಬಲ್ಲೆವು. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು ತನ್ನ ಹೊಸ ಶಾಖೆಯನ್ನು ತೆರೆದಾಗ ಅವರ ಕೃತಿಗಳನ್ನು ಆರಂಭದ ಪ್ರದರ್ಶನಗಳಲ್ಲೊಂದಾಗಿ ಇರಿಸಿತು.

ಆ ದಿನಚರಿಗಳು ಪತ್ರಪಾಲಕನಿಗೆ ಒಂದು ವಿಚಿತ್ರ ತೊಡಕನ್ನೂ ಒಡ್ಡುತ್ತವೆ. ಕೆಲವು ಪುಟಗಳಲ್ಲಿ ಬರೆದ ಸಾಲುಗಳ ನಡುವಣ ಜಾಗವನ್ನೋ ಸಾಲುಗಳನ್ನೋ ಶಾಯಿಯಿಂದ ಮುಚ್ಚಿ, ಪುಟವನ್ನೇ ಒಂದು ರೇಖಾಕೃತಿಯನ್ನಾಗಿ ಮಾರ್ಪಡಿಸಲಾಗಿದೆ. ಇದು ದಾಖಲೆಯೋ ಕಲಾಕೃತಿಯೋ? ದಾಖಲೆಯೆಂದರೆ ಪತ್ರಾಗಾರದ ಪೆಟ್ಟಿಗೆ ಸೇರಬೇಕು. ಕೃತಿಯೆಂದರೆ ಚೌಕಟ್ಟು ಸೇರಿ ಗೋಡೆಗೆ ಹೋಗಬೇಕು. ಹಾಳೆಗಳನ್ನು ಬಿಡಿಸಿ ಚೌಕಟ್ಟು ಹಾಕುವುದು ಎಂದೂ ಸಲ್ಲದೆಂಬುದು ನಮ್ಮ ಅಭಿಪ್ರಾಯ. ಪುಸ್ತಕದಿಂದ ಹರಿದ ಹಾಳೆಗೆ ಹಿಂದಣ ದಿನವೂ ಇಲ್ಲ, ಮುಂದಣ ದಿನವೂ ಇಲ್ಲ.

ಇಲ್ಲಿ ಪತ್ರಾಗಾರ ಶಾಸ್ತ್ರದ ಮೂಲಸೂತ್ರಕ್ಕೆ ಬರುತ್ತೇವೆ: ಕಾಗದಗಳನ್ನು ಅವುಗಳ ಒಡೆಯನು ಇರಿಸಿದ ಕ್ರಮದಲ್ಲಿಯೇ ಇರಗೊಡಬೇಕು. ಪತ್ರಗಳನ್ನೆಲ್ಲ ಒಂದು ಕಡೆ, ಪಟಗಳನ್ನೆಲ್ಲ ಇನ್ನೊಂದು ಕಡೆ ಎಂದು ವಿಂಗಡಿಸುವ ಉತ್ಸಾಹವು ಒಳ್ಳೆಯ ಮನಸ್ಸಿನವರಿಗೇ ಹೆಚ್ಚು. ಒಂದು ಲಕೋಟೆಯೊಳಗೆ ಬಣ್ಣದಂಗಡಿಯ ರಸೀದಿ, ಮಿತ್ರನ ಕಾಗದ, ಸಣ್ಣದೊಂದು ಕರಡು ರೇಖಾಚಿತ್ರ ಒಟ್ಟಿಗೆ ಇದ್ದರೆ, ಆ ಒಟ್ಟಿಗೆ ಇರುವಿಕೆಯೇ ಕರಡಿನ ಕಾಲವನ್ನು ಹೇಳುವ ಸಾಕ್ಷಿ. ಕ್ರಮ ಕೆಟ್ಟರೆ ಹುಡುಕುವವನ ಪಾಡೇನೆಂಬುದನ್ನು ಹರಪನಹಳ್ಳಿಯ ಕಡತಗಳನ್ನು ಅರಸಿದವರು ಬಲ್ಲರು. ಆ ತಾಲ್ಲೂಕು 1953ರವರೆಗೆ ಮದ್ರಾಸಿನ ಆಡಳಿತದ ಬಳ್ಳಾರಿಗೆ, ಅನಂತರ ಮೈಸೂರು ರಾಜ್ಯದ ಬಳ್ಳಾರಿಗೆ, 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಾಗದವನ್ನು ಹುಟ್ಟಿಸಿದ ಕಚೇರಿ ಯಾವುದೆಂಬುದನ್ನು ಅರಿಯದೆ ಅದನ್ನು ಹುಡುಕುವಂತೆಯೇ ಇಲ್ಲ.

ರಸೀದಿಗಳ ಮಾತು ಬಂದುದರಿಂದ ಹಣದ ಮಾತನ್ನೂ ಆಡಬೇಕು. ವಾಸುದೇವ ಗಾಯ್ತೊಂಡೆಯವರು (1924–2001) ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳನ್ನಷ್ಟೇ ಬರೆದು ಏಕಾಂತದಲ್ಲಿ ಬಾಳಿದವರು. 2013ರ ಮುಂಬಯಿ ಹರಾಜಿನಲ್ಲಿ ಅವರ ಒಂದು ಚಿತ್ರ 23 ಕೋಟಿ ರೂಪಾಯಿಗೂ ಮಿಕ್ಕಿ ಮಾರಾಟವಾಯಿತು. ಇಂಥ ಬೆಲೆ ಇರುವೆಡೆ ನಕಲುಗಳು ಹುಟ್ಟುವುದು ಸಹಜ. 2009ರಲ್ಲಿ ದೆಹಲಿಯ ಪ್ರದರ್ಶನವೊಂದಕ್ಕೆ ಬಂದ ಸೈಯದ್ ಹೈದರ್ ರಜಾ ಅವರು, ತಮ್ಮ ಹೆಸರಿನಲ್ಲಿ ಗೋಡೆಗೇರಿದ್ದ ಚಿತ್ರಗಳು ತಮ್ಮವಲ್ಲವೆಂದು ತಾವೇ ಹೇಳಬೇಕಾಯಿತು. ಆಗ ಅವರು ಬದುಕಿದ್ದರು, 2016ರಲ್ಲಿ ನಿಧನರಾದರು. ಅಂಥ ಮಾತನ್ನು ಕಲಾವಿದನ ಬಳಿಕ ಹೇಳುವವರು ಯಾರು? ಮಾರಾಟದ ಪುಸ್ತಕ, ಪ್ರದರ್ಶನದ ಪಟ್ಟಿ, ಚಿತ್ರದ ಹಿಂಬದಿಯ ಪಟ, ಪತ್ರವ್ಯವಹಾರ ಇವುಗಳ ಹೊರತು ಬೇರೆ ಸಾಕ್ಷಿಯಿಲ್ಲ.

ಕನ್ನಡಿಗರಲ್ಲಿ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು (1911–1996) ಪೂರ್ತಿ ಅಮೂರ್ತರಲ್ಲದಿದ್ದರೂ, ಉತ್ತರವಯಸ್ಸಿನಲ್ಲಿ ಆ ಕಡೆಗೆ ಬಹುದೂರ ನಡೆದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಚಿತ್ರಗಳನ್ನು ಕಾಣಬಹುದು. ಚಿತ್ರಗಳಿಗೆ ಚಿತ್ರಶಾಲೆ ದೊರೆಯುವಷ್ಟು ಸುಲಭವಾಗಿ ಕಾಗದಗಳಿಗೆ ಕಪಾಟು ದೊರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಪ್ರೌಢಶಾಲೆಗಳಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರ ಮನೆಗಳಲ್ಲಿಯೂ ಟ್ರಂಕುಗಳಿರುತ್ತವೆ. ಅವು ತೆರೆಯಲ್ಪಡುವುದು ಮನೆಗೆ ಸುಣ್ಣ ಬಳಿಯುವಾಗ, ಅಥವಾ ಪಾಲು ಆಗುವಾಗ. ಆ ಒಂದು ದಿನ ಕಾಲೇಜಿನ ಅಧ್ಯಾಪಕರೊಬ್ಬರು ಅಲ್ಲಿದ್ದರೆ ಮುಂದಿನ ಕೆಲಸ ಕಠಿಣವೇನಲ್ಲ.

ಮೊದಲು ಮುಟ್ಟದೆ ಇದ್ದಂತೆಯೇ ಪಟ ತೆಗೆಯಬೇಕು. ಪ್ರತಿ ಕಟ್ಟಿಗೂ ಪೆನ್ಸಿಲಿನಿಂದ ಸಂಖ್ಯೆ ಬರೆಯಬೇಕು. ಪೆನ್ನಿನ ಶಾಯಿ ಕಾಗದಕ್ಕಿಳಿದರೆ ಹೋಗದು. ಗುಂಡುಸೂಜಿ, ಕಬ್ಬಿಣದ ಕ್ಲಿಪ್ಪುಗಳನ್ನು ತೆಗೆಯಬೇಕು, ತುಕ್ಕು ಹಾಳೆಯನ್ನು ತೂತುಮಾಡುತ್ತದೆ. ವೃತ್ತಪತ್ರಿಕೆಯ ತುಣುಕುಗಳಲ್ಲಿರುವ ಆಮ್ಲವು ಪಕ್ಕದ ಹಾಳೆಯನ್ನೂ ಕಂದಿಸುವುದರಿಂದ ನಡುವೆ ಆಮ್ಲರಹಿತ ಕಾಗದವನ್ನಿಡುವುದು ಲೇಸು. ಹಳೆಯ ಫಿಲ್ಮಿನ ಡಬ್ಬಿ ತೆರೆದಾಗ ಹುಳಿನಾತ ಬಂದರೆ ಫಿಲ್ಮು ಕೊಳೆಯತೊಡಗಿದೆಯೆಂದರ್ಥ. ಅದನ್ನು ಬೇರೆಯಾಗಿರಿಸಿ ಬೇಗನೆ ಪ್ರತಿ ಮಾಡಿಸಬೇಕು. ನಮ್ಮ ಸೀಮೆಯ ಒಣ ಹವೆ ಬೂಷ್ಟನ್ನು ತಡೆಯುವುದೇನೋ ನಿಜ, ಆದರೆ ಬೇಸಗೆಯ ಸೆಕೆಯೂ ಧೂಳೂ ಗೆದ್ದಲೂ ಅಷ್ಟೇ ನಿಜ. ತಗಡಿನ ಚಾವಣಿಯ ಕೆಳಗಣ ಅಟ್ಟಕ್ಕಿಂತ ನೆಲದಿಂದೆತ್ತಿದ, ಗೋಡೆಗೆ ತಾಗದ ಕಪಾಟು ಮೇಲು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಹಾಳೆಯನ್ನೂ ಲ್ಯಾಮಿನೇಶನ್ ಅಂಗಡಿಗೆ ಒಯ್ಯಕೂಡದು. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಹಾನಿಯಾಗದಂತೆ ಬಿಡಿಸುವುದು ಬಹು ಕಷ್ಟ.

ಮೂಲವು ಮನೆಯಲ್ಲಿಯೇ ಉಳಿಯಬೇಕೆಂದು ವಾರಸುದಾರರು ಬಯಸಿದರೆ ಆಗ್ರಹಿಸಬೇಕಾಗಿಲ್ಲ. ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್ ಸಂಸ್ಥೆಯು ಬರೋಡದ ಜ್ಯೋತಿ ಭಟ್, ಕೆ. ಜಿ. ಸುಬ್ರಹ್ಮಣ್ಯನ್, ಗುಲಾಮ್ ಮೊಹಮ್ಮದ್ ಶೇಖ್ ಮೊದಲಾದವರ ಸಂಗ್ರಹಗಳನ್ನು ಗಣಕೀಕರಿಸಿ ಅಧ್ಯಯನಕ್ಕೆ ಒದಗಿಸಿದೆ. ಆದರೆ ಪ್ರತಿಯೊಂದು ಚಿತ್ರಕಡತಕ್ಕೂ ಮೂಲದ ಕಟ್ಟಿನ ಸಂಖ್ಯೆಯೇ ಹೆಸರಾಗಿರಬೇಕು, ಇಲ್ಲವಾದರೆ ಕ್ರಮವು ಗಣಕದೊಳಗೆ ಕೆಡುತ್ತದೆ.

ಹಕ್ಕಿನ ವಿಷಯವನ್ನು ಮುಂಚೆಯೇ ಇತ್ಯರ್ಥಮಾಡಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಶಾಸನದಂತೆ, ಚಿತ್ರವನ್ನು ಕೊಂಡವನಿಗೆ ಸಾಮಾನ್ಯವಾಗಿ ಚಿತ್ರವಷ್ಟೇ ಸೇರುತ್ತದೆ; ಅದನ್ನು ಅಚ್ಚಿಸುವ ಹಕ್ಕು ಬರೆದುಕೊಟ್ಟ ಹೊರತು ಕಲಾವಿದನಲ್ಲಿಯೂ, ಅವನ ನಿಧನಾನಂತರ 60 ವರ್ಷ ವಾರಸುದಾರರಲ್ಲಿಯೂ ಇರುತ್ತದೆ. ಪತ್ರಗಳಲ್ಲಿ ತೊಡಕು ಇನ್ನೂ ಹೆಚ್ಚು: ಕಾಗದವು ಪಡೆದವನದು, ಮಾತುಗಳು ಬರೆದವನವು. ಆದುದರಿಂದ ಕಲಾವಿದನಿಗೆ ಬಂದ ಪತ್ರಗಳನ್ನು ಪ್ರಕಟಿಸಲು ಅವನ ಮಕ್ಕಳ ಒಪ್ಪಿಗೆ ಸಾಲದು, ಬರೆದವರ ಕಡೆಯವರನ್ನೂ ಕೇಳಬೇಕು. ಖಾಸಗಿ ನೋವುಗಳು ದಿನಚರಿಯಲ್ಲಿದ್ದರೆ ಇಂತಿಷ್ಟು ವರ್ಷ ಮುಚ್ಚಿಡಬೇಕೆಂಬ ಷರತ್ತನ್ನು ಒಪ್ಪಿಕೊಳ್ಳುವುದೇ ವಿವೇಕ. ಸ್ವೀಡನ್ನಿನ ಹಿಲ್ಮಾ ಅಫ್ ಕ್ಲಿಂಟ್ 1944ರಲ್ಲಿ ತೀರಿಕೊಳ್ಳುವ ಮುನ್ನ, ತಮ್ಮ ಅಮೂರ್ತ ಚಿತ್ರಗಳನ್ನು 20 ವರ್ಷ ಯಾರಿಗೂ ತೋರಿಸಬಾರದೆಂದು ವಿಧಿಸಿ, ಟಿಪ್ಪಣಿ ಪುಸ್ತಕಗಳ ಸಮೇತ ಸೋದರನ ಮಗನಿಗೆ ಬಿಟ್ಟುಹೋದರು. ಆತನು ಷರತ್ತನ್ನೂ ಪಾಲಿಸಿದನು, ಪುಸ್ತಕಗಳನ್ನೂ ಕಾಪಾಡಿದನು. ಆಕೆಯ ಅಮೂರ್ತ ರಚನೆ 1906ರಲ್ಲಿಯೇ, ಎಂದರೆ ಕ್ಯಾಂಡಿನ್‌ಸ್ಕಿಗಿಂತ ಮೊದಲೇ, ಆರಂಭವಾಯಿತೆಂದು ವಿದ್ವಾಂಸರು ಇಂದು ವಾದಿಸುತ್ತಿರುವುದಕ್ಕೆ ಆ ಪುಸ್ತಕಗಳೂ ಆಧಾರವಾಗಿವೆ.